ಸಾವಿನ ದನಿಯೋ, ಮದುವೆಯ ದನಿಯೋ?

ಬಸವನ ಬಾಗೇವಾಡಿಯ ಮೈಕ್‌ಸೆಟ್ ಇಸಾಕನ ಹತ್ತಿರ ಎರಡು ದನಿಗಳಿದ್ದವು. ಒಂದು ಸಾವಿನದು, ಇನ್ನೊಂದು ಮದುವೆಯದು.

ಸಾವಿನ ದನಿ ಮೂಗಿನಿಂದ ಹೊರಡುತ್ತಿತ್ತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವನು ಎಷ್ಟು ಜಾಗ ಬಿಡುತ್ತಿದ್ದನೆಂದರೆ, ಅಷ್ಟರೊಳಗೆ ಕೇಳುವವರು ತಮ್ಮ ಮುದಿ ನೆಂಟರನ್ನೆಲ್ಲ ಒಂದು ಸುತ್ತು ನೆನೆಸಿಕೊಂಡು ಬರಬಹುದಿತ್ತು. ಮದುವೆಯ ದನಿಯಲ್ಲಿ ಈ ಬಿಡುವು ಇಲ್ಲ. ಅದರಲ್ಲಿ ಮಾತುಗಳು ಮೊದಲ ಪಂಕ್ತಿಗೆ ಜಾಗ ಹಿಡಿಯಲು ಓಡುವ ಮಂದಿಯ ಹಾಗೆ ಒಂದರ ಮೇಲೊಂದು ಬೀಳುತ್ತಿದ್ದವು. ಲೋಕದ ಸಕಲ ಸುದ್ದಿಯನ್ನೂ ಇಸಾಕ ಈ ಎರಡರಲ್ಲೇ ಹಂಚಿದ್ದ. ನಳದಲ್ಲಿ ನೀರು ಬರುವುದಿಲ್ಲ ಎಂದರೆ ಸಾವಿನ ದನಿ, ಬರುತ್ತದೆ ಎಂದರೆ ಮದುವೆಯದು. ಪೋಲಿಯೋ ಹನಿ, ಸೀರೆ ಸೇಲು, ಕುಸ್ತಿ ಮದುವೆಯ ಕಡೆ. ಕರೆಂಟ್ ಬಿಲ್ಲು ಸಾವಿನ ಕಡೆ. ಜೂನ್‌ನಲ್ಲಿ ಶಾಲೆ ಸುರುವಾಗುವ ಸುದ್ದಿ ಬಂದಾಗ ಮಾತ್ರ ಅವನಿಗೆ ತೊಡಕಾಗುತ್ತಿತ್ತು. ತಾಯಂದಿರಿಗೆ ಅದು ಮದುವೆ, ಮಕ್ಕಳಿಗೆ ಸಾವು. ಹಾಗಾಗಿ ಅದನ್ನು ಒಂದು ಓಣಿಯಲ್ಲಿ ಹಾಗೆ, ಮುಂದಿನ ಓಣಿಯಲ್ಲಿ ಹೀಗೆ ಹೇಳುತ್ತಿದ್ದ.

ಹಾರ್ನುಗಳು ಅವನ ಅಪ್ಪ ಅಬ್ದುಲರಜಾಕನ ಕಾಲದವು. ಮೊದಲು ಸೈಕಲ್ಲಿನ ಮೇಲಿದ್ದವು, ಆಮೇಲೆ ಟಾಂಗಾದ ಮೇಲೆ, ಈಗ ಇಸಾಕನ ಟಂಟಂ ರಿಕ್ಷಾದ ತಲೆಯ ಮೇಲೆ. ಒಂದರ ಬಾಯಿ ಮುಂದಕ್ಕೆ, ಇನ್ನೊಂದರದು ಹಿಂದಕ್ಕೆ. ಒಂದೇ ಮನೆಯಲ್ಲಿದ್ದು ಒಂದೇ ಮಾತನ್ನು ಬೇರೆ ಬೇರೆ ದಿಕ್ಕಿಗೆ ಒದರುವುದರಿಂದ ಊರಿನಲ್ಲಿ ಅವುಗಳಿಗೆ ‘ಗಂಡ-ಹೆಂಡ್ತಿ’ ಎಂದೇ ಹೆಸರು.

ನಮ್ಮ ಊರಿನ ಮಂದಿ ಇಸಾಕನ ಮಾತು ಕೇಳುವುದಿಲ್ಲ, ದನಿ ಕೇಳುತ್ತಾರೆ. ಇದು ಬಸಂತರಾಯರ ಮಗಳ ಮದುವೆಯಲ್ಲಿ ಸಾಬೀತಾಯಿತು. ಆ ದಿನ ಬೆಳಗ್ಗೆ ಒಂದು ಸಾವನ್ನೂ ಹೇಳಬೇಕಿತ್ತು. ಅದನ್ನು ಮುಗಿಸಿದ ಇಸಾಕ ದನಿ ಬದಲಿಸಲು ಮರೆತು ಅದೇ ಮೂಗಿನಿಂದ ಮದುವೆಯನ್ನೂ ಹೇಳಿಬಿಟ್ಟ. “ಬಸಂತರಾಯರ... ಜ್ಯೇಷ್ಠ ಪುತ್ರಿಯ... ಲಗ್ನವು...” ಮಂದಿ ‘ಬಸಂತರಾಯರ’ ಎಂಬಲ್ಲಿಯೇ ಕಣ್ಣು ಒರೆಸಿಕೊಂಡು ಎದ್ದಿದ್ದರು. ಬಸಂತರಾಯರು ರೇಷ್ಮೆ ಧೋತರ ಉಟ್ಟು ಬೀಗರನ್ನು ಎದುರುಗೊಳ್ಳಲು ಬಾಗಿಲಲ್ಲಿ ನಿಂತಿದ್ದರೆ, ಹೆಗಲ ಮೇಲೆ ಪಂಚೆ ಹಾಕಿಕೊಂಡ ಗೆಳೆಯರ ದಂಡು ಬಂತು. ಮುಂದಿದ್ದವನು ಇವರನ್ನು ಕಂಡು ಗಕ್ಕನೆ ನಿಂತ.

“ಅಲ್ಲೋ ಬಸಂತಾ, ನೀ ಅದಿಯಲ್ಲೋ!”

“ನಾ ಇರದ ಮತ್ತ್ಯಾರ ಇರಬೇಕಲೇ ಮಗಳ ಮದಿವ್ಯಾಗ?”

ಬಂದವರು ಊಟ ಮಾಡಿಯೇ ಹೋದರು. ತಂದ ಹಾರಗಳನ್ನು ಮದುಮಗನಿಗೆ ಹಾಕಿದರು.

ಲೆಕ್ಕಕ್ಕೆ ಹಿಡಿದರೆ ಇಸಾಕನ ಹತ್ತಿರ ಮೂರನೆಯ ದನಿಯೂ ಇತ್ತು. ಸಂತೆಯ ದಿನ ಯಾರದಾದರೂ ಮಗು ತಪ್ಪಿಸಿಕೊಂಡರೆ ಮಂದಿ ಅದನ್ನು ತಂದು ಇಸಾಕನ ಗಾಡಿಯಲ್ಲಿ ಕೂಡಿಸುತ್ತಿದ್ದರು. ಆಗ ಅವನು ಇಂಜಿನ್ ನಿಲ್ಲಿಸಿ, ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಪಕ್ಕದ ಮನೆಯವರ ಹತ್ತಿರ ಗೋಡೆಯ ಮೇಲಿಂದ ಮಾತಾಡಿದ ಹಾಗೆ ಮೆಲ್ಲಗೆ ಹೇಳುತ್ತಿದ್ದ: “ಒಂದು ಕೂಸು ಸಿಕ್ಕೈತ್ರೆಪಾ. ಕೆಂಪಂಗಿ ಐತಿ, ಮೂಗ ಸೋರಾಕತ್ತೈತಿ. ಯಾರದೈತಿ ಬರ್ರಿ. ಬೈಬ್ಯಾಡ್ರಿ ಬಂದು.” ಅವನ ಹೆಂಡತಿ ಶಮಶಾದಬಿ, “ಅದ ಅವರ ಖರೇ ದನಿ” ಎನ್ನುತ್ತಿದ್ದಳು. ಇಸಾಕ ಒಪ್ಪುತ್ತಿರಲಿಲ್ಲ. “ಅದು ದನಿ ಅಲ್ಲ. ಅದು ಬರೇ ಮಾತು” ಎನ್ನುತ್ತಿದ್ದ. ಕಲಾವಿದರಿಗೆ ತಮ್ಮ ಕಲೆಯ ಬಗ್ಗೆ ಇಷ್ಟು ತಪ್ಪು ತಿಳಿವಳಿಕೆ ಇರಲೇಬೇಕೇನೋ.

ಇಂಥ ಇಸಾಕನ ಬಾಯಿಗೆ ಈಚೆಗೆ ಕೆಲಸ ತಪ್ಪಿತು. ಕಸದ ಗಾಡಿ ತನ್ನ ಹಾಡನ್ನು ತಾನೇ ಹಾಡಿಕೊಳ್ಳತೊಡಗಿತು. ಉಳ್ಳಾಗಡ್ಡಿ ಮಾರುವವನು ಮೊಬೈಲಿನಲ್ಲಿ ತನ್ನ ಕೂಗನ್ನು ತುಂಬಿಕೊಂಡು ತಾನು ನಿದ್ದೆ ಹೊಡೆಯತೊಡಗಿದ. ಸತ್ತವರು ವಾಟ್ಸಾಪಿಗೆ ಹೋದರು. ಇವೆಲ್ಲವನ್ನೂ ಇಸಾಕ ತಡೆದುಕೊಂಡಿದ್ದ. ತಡೆದುಕೊಳ್ಳಲಾಗದ್ದು ಆ ಹೆಣ್ಣುಮಗಳನ್ನು.

ಕಂಪ್ಯೂಟರಿನಲ್ಲಿ ಹುಟ್ಟಿದ ಹೆಣ್ಣುಮಗಳು ಅವಳು. ಬರೆದುಕೊಟ್ಟದ್ದನ್ನು ಬೆಂಗಳೂರಿನ ಕನ್ನಡದಲ್ಲಿ ಓದುತ್ತಾಳೆ. ಕೆಮ್ಮುವುದಿಲ್ಲ, ನೀರು ಕೇಳುವುದಿಲ್ಲ, ಉಸಿರು ಕೂಡ ತೆಗೆದುಕೊಳ್ಳುವುದಿಲ್ಲ. “ಆತ್ಮೀಯ ನಾಗರಿಕ ಬಂಧುಗಳೇ” ಎಂದು ಸುರುಮಾಡಿ, ಮಾಹಿತಿ ಶಿಬಿರವಿರಲಿ, ಮಹಾಪೂರವಿರಲಿ, ಒಂದೇ ಹದದಲ್ಲಿ ಮುಗಿಸುತ್ತಾಳೆ. ಎಲ್ಲ ಇಲಾಖೆಯವರೂ ಅವಳನ್ನೇ ಹಿಡಿದರು. ಇಸಾಕನ ಗಾಡಿ ಬೇಕಿತ್ತು, ಹಾರ್ನು ಬೇಕಿತ್ತು. ಬಾಯಿ ಬೇಕಿರಲಿಲ್ಲ. ಒಂದು ಪೆನ್‌ಡ್ರೈವ್ ಕೈಗಿಟ್ಟು, “ಸುಮ್ಮ ಗಾಡಿ ಹೊಡಿ” ಎನ್ನುತ್ತಿದ್ದರು.

“ಡ್ರೈವರ ಆಗೇನ್ರಿ ಸಂಗಣ್ಣಾರ” ಎಂದು ನನ್ನ ಹತ್ತಿರ ಗೋಳಾಡಿದ. “ನನ್ನ ಗಾಡ್ಯಾಗ ಆಕಿ ಮಾತಾಡ್ತಾಳ, ನಾ ಪಕ್ಕದಾಗ ಸುಮ್ಮ ಕುಂಡರ್ತೇನಿ.”

ಚಹಾ ತಂದ ಶಮಶಾದಬಿ, “ಮನ್ಯಾಗೂ ಹಂಗ ಕುಂತಿದ್ರ ನನ್ನ ಜಲ್ಮ ಪಾವನ ಆಗ್ತಿತ್ತು” ಎಂದಳು. ಆದರೆ ಒಳಗೆ ಹೋಗುವಾಗ ಅವಳ ಮುಖ ಸಣ್ಣದಾಗಿತ್ತು.

ಇಸಾಕ ಆಗಲೇ ಗುಜರಿ ಅಂಗಡಿಯ ಪರಶುಗೆ ಮಾತು ಕೊಟ್ಟಿದ್ದ. ದೀಪಾವಳಿಯ ಒಳಗೆ ಯಾರಾದರೂ ಬಾಯಿಗಾಗಿ ಕರೆದರೆ ಸರಿ, ಇಲ್ಲವಾದರೆ ಗಂಡ-ಹೆಂಡ್ತಿ ಇಬ್ಬರನ್ನೂ ಬಿಚ್ಚಿ ಪರಶುವಿನ ತಕ್ಕಡಿಗೆ ಹಾಕಿ, ತಾನು ಬರೀ ಪ್ಯಾಸೆಂಜರ್ ಹೊಡೆಯುವುದು ಎಂದು. ಪರಶು ದಿನಾ ಬಂದು ಹಾರ್ನುಗಳನ್ನು ಬೆರಳಿನಿಂದ ಟಣ್ ಟಣ್ ಅನ್ನಿಸಿ, “ಚಲೋ ಮಾಲ ಐತಿ ಮಾಮಾ, ಹಳೇ ಅಲ್ಯೂಮಿನಿ” ಎಂದು ಹೊಗಳಿ ಹೋಗುತ್ತಿದ್ದ. ಅವನು ಹೊಗಳಿದಷ್ಟೂ ಇಸಾಕನಿಗೆ ಊಟ ಸೇರುತ್ತಿರಲಿಲ್ಲ.

ಆಗ ಬಂದವನು ಸಿದ್ದಲಿಂಗ.

ಸಿದ್ದಲಿಂಗ ನಮ್ಮ ಡಿಗ್ರಿ ಕಾಲೇಜಿನ ಇಂಗ್ಲಿಷ್ ಮಾಸ್ತರ. ಓದುವಾಗ ಮೈಸೂರಿನ ಯಾವುದೋ ಚಿತ್ರಸಂಘದಲ್ಲಿ ಪರದೇಶದ ಹಳೆಯ ಕಪ್ಪು-ಬಿಳುಪು ಸಿನಿಮಾಗಳನ್ನು ನೋಡಿ ಕೆಟ್ಟಿದ್ದ. ಎಲ್ಲವೂ ಮುಂದೆ ಬರಬಹುದಾದ ಕೆಟ್ಟ ಲೋಕದ ಕಥೆಗಳು. ಮನುಷ್ಯರಿಗೆ ಹೆಸರಿಲ್ಲ, ನಗುವಿಗೆ ಪರವಾನಗಿ ಬೇಕು, ಊಟದ ಬದಲು ಗುಳಿಗೆ, ಹೀಗೆ. ಅವುಗಳನ್ನು ನಮ್ಮ ಮಂದಿಗೂ ತೋರಿಸಿ ಎಚ್ಚರಿಸಬೇಕೆಂದು ಅವನಿಗೆ ಆಸೆ.

“ಈಗಿನ ಕೆಟ್ಟ ಲೋಕನ ಇನ್ನೂ ಮುಗದಿಲ್ಲಲೋ ತಮ್ಮಾ” ಎಂದೆ.

“ಅದಕ್ಕ ರೀ ಕಾಕಾ, ಮೊದಲ ತಯಾರಿ ಮಾಡಬೇಕು.”

‘ದುಃಸ್ವಪ್ನಲೋಕ ಚಿತ್ರಮಾಲೆ’ ಎಂದು ಹೆಸರಿಟ್ಟ. ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ, ಒಂದೊಂದು ಭಾನುವಾರ ಸಂಜೆ ಒಂದೊಂದು ಊರು. ಸಮಿತಿಗೆ ಅವನು ಅಧ್ಯಕ್ಷ, ಉಳಿದದ್ದೆಲ್ಲ ನಾನು. ನನ್ನನ್ನು ಸೇರಿಸಿಕೊಂಡದ್ದು ನನ್ನ ಸಿನಿಮಾ ಜ್ಞಾನ ನೋಡಿ ಎಂದು ತಿಂಗಳವರೆಗೆ ನಂಬಿದ್ದೆ. ಪರದೆಯ ಬಿದಿರುಗಳು ನನ್ನ ಹಳೆಯ ವ್ಯಾನಿನಲ್ಲಿ ಮಾತ್ರ ಹಿಡಿಸುತ್ತವೆ ಎಂಬುದು ಆಮೇಲೆ ತಿಳಿಯಿತು.

ಪ್ರಚಾರಕ್ಕೆ ಇಸಾಕನನ್ನೇ ಕರೆಸಿದೆ. ಹೊಸ ಅಂಗಿ ಹಾಕಿಕೊಂಡು, ಗಂಟಲಿಗೆ ಬಿಸಿನೀರು ಬಿಟ್ಟುಕೊಂಡು ಬಂದ. ಸಿದ್ದಲಿಂಗ ಅವನ ಕೈಗೆ ಒಂದು ಪೆನ್‌ಡ್ರೈವ್ ಇಟ್ಟ. ಇಸಾಕ ಅದನ್ನೂ ನನ್ನನ್ನೂ ನೋಡಿದ. ನಾನು ಬಿದಿರು ನೋಡುತ್ತ ನಿಂತೆ.

ಆ ಭಾನುವಾರ ಕಾಲೇಜಿನ ಹಾಲ್‌ ಮುಂದೆ ಒಳ್ಳೆಯ ಮಂದಿ ಸೇರಿದ್ದರು. ಸಿದ್ದಲಿಂಗನ ಕಣ್ಣು ತುಂಬಿ ಬಂತು. ಹತ್ತಿರ ಹೋಗಿ ನೋಡಿದರೆ ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಚೀಲ. ಒಳಗೆ ಆಧಾರ್ ಕಾರ್ಡಿನ ಝೆರಾಕ್ಸ್, ಎರಡು ಪಾಸ್‌ಪೋರ್ಟ್ ಫೋಟೋ.

“ಇವು ಯಾಕ್ರಿ ಯಜಮಾನ್ರ?” ಎಂದು ಮುಳವಾಡದಿಂದ ಬಂದ ಮುದುಕರೊಬ್ಬರನ್ನು ಕೇಳಿದೆ.

“ಆ ಬಾಯಿ ಒದರಿದ್ಲಲ್ರಿ ಗಾಡ್ಯಾಗ. ಆಕಿ ಒದರಿದ್ಲಂದ್ರ ಏನರೆ ಲಿಂಕ್ ಮಾಡಸೂದು ಇರತೈತಿ. ಪಾಸಬುಕ್ಕೂ ತಂದೇನಿ, ಬೇಕೇನ?”

ಸಿನಿಮಾ ಸುರುವಾಯಿತು. ಪರದೆಯ ಮೇಲೆ ಬೂದುಬಣ್ಣದ ನಗರ. ಜನರ ಕಾಲರಿಗೆಲ್ಲ ನಂಬರ್ ಹೊಲಿದಿತ್ತು. ಉದ್ದ ಸಾಲಿನಲ್ಲಿ ನಿಂತವರನ್ನು ಒಬ್ಬ ಅಧಿಕಾರಿ ನಂಬರ್ ಹಿಡಿದು ಕರೆದು ಮುದ್ರೆ ಒತ್ತುತ್ತಿದ್ದ. ನಮ್ಮ ಮಂದಿ ಎದ್ದು ಪರದೆಯ ಮುಂದೆ ಸಾಲು ಹಚ್ಚಿದರು. ಕೂಡ್ರಿಸಲು ನಮಗೆ ಸಾಕುಸಾಕಾಯಿತು. ಸಿನಿಮಾದ ನಗರ ಸುಟ್ಟು ಬೂದಿಯಾಗಿ ದೀಪ ಹತ್ತಿದಾಗ ಮುಳವಾಡದ ಯಜಮಾನರು ಎದ್ದು, “ಸಾಹೇಬ್ರು ಎದ್ದ ಹೋದ್ರಲ್ಲ, ನಮ್ಮ ನಂಬರ್ ಯಾವಾಗ್ರಿ?” ಎಂದರು. ಹೋಗುವಾಗ ಎಲ್ಲರೂ ಝೆರಾಕ್ಸ್ ನನ್ನ ಕೈಗೆ ಕೊಟ್ಟು ಹೋದರು. ನಾನು ಇಸಿದುಕೊಂಡೆ. ಸೊಸೈಟಿಯ ಗುಮಾಸ್ತ ನಾನು. ಯಾರಾದರೂ ಝೆರಾಕ್ಸ್ ಕೊಟ್ಟರೆ ಬೇಡ ಎನ್ನುವುದನ್ನು ನಮಗೆ ಕಲಿಸಿಲ್ಲ.

ಹೊರಗೆ ಇಸಾಕ ಗಾಡಿಗೆ ಆತು ನಿಂತು ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಳ್ಳುತ್ತಿದ್ದ.

“ನೋಡ್ರಿ ಮಾಸ್ತರ, ಆಕಿ ದನಿ ಕೇಳಿದ್ರ ಮಂದಿ ಆಧಾರ ತರ್ತಾರ. ನನ್ನ ದನಿ ಕೇಳಿದ್ರ ಜೀವಾ ತರ್ತಾರ, ಜೀವಾ! ಮುದ್ದೇಬಿಹಾಳದಾಗ ನನ್ನ ಬಾಯಿ ಹಚ್ಚಿ ನೋಡ್ರಿ. ಅದೂ ಕೂಡ್ಲಿಲ್ಲಂದ್ರ ದೀಪಾವಳಿ ತನಾನೂ ಕಾಯಂಗಿಲ್ಲ, ನಾನ ಹೋಗಿ ಪರಶೂಗ ಕೊಟ್ಟ ಬರ್ತೇನಿ.”

ಸಿದ್ದಲಿಂಗ ಒಪ್ಪಿದ. ಇಸಾಕ ಕೂಡಲೇ ನೆಟ್ಟಗೆ ನಿಂತು ಕಸುಬಿನ ಪ್ರಶ್ನೆ ಕೇಳಿದ.

“ಯಾವ ದನಿರಿ? ಸಾವಿಂದೋ, ಮದಿವಿದೋ?”

“ಅಂದ್ರ?”

“ಸಿನಿಮಾದಾಗ ಏನ ಆಗತೈತಿ ಹೇಳ್ರಿ, ನಾ ದನಿ ಆರಿಸ್ತೇನಿ.”

“ಮನುಷ್ಯರ ಸ್ವಾತಂತ್ರ್ಯ ಸಾಯತೈತಿ ಕಾಕಾ.”

“ಹಂಗಂದ್ರ ಸಾವಿಂದ. ವಿಷಯ ಮುಗೀತು.”

ನನಗೆ ಒಳಗೊಳಗೇ ಹೆದರಿಕೆಯಾಯಿತು. ಆದರೆ ಸಮಿತಿಯಲ್ಲಿ ನನಗಿದ್ದ ಸ್ಥಾನ ಬಿದಿರಿನ ಕೆಳಗಿನದು.

ಮುದ್ದೇಬಿಹಾಳದಲ್ಲಿ ಇಸಾಕ ಆವರೆಗೆ ತಡೆಹಿಡಿದ ದುಃಖವನ್ನೆಲ್ಲ ಮೂಗಿಗೆ ತಂದುಕೊಂಡ. “ತಿಳಿಸಲು... ವಿಷಾದವಾಗುತ್ತದೆ... ಏನಂದರೆ... ಮನುಷ್ಯನ... ಸ್ವಾತಂತ್ರ್ಯವು... ನಿಧನವಾಗಿದ್ದು... ಸಂಜೆ... ಶಾಲೆಯ ಬಯಲಿನಲ್ಲಿ... ಎಲ್ಲರೂ... ಬರಬೇಕು...” ಗಂಡ-ಹೆಂಡ್ತಿ ಇಬ್ಬರೂ ದಿಕ್ಕಿಗೊಂದರಂತೆ ಅತ್ತರು. ಚಹಾದ ಅಂಗಡಿಯಲ್ಲಿದ್ದವರು ಟೊಪ್ಪಿಗೆ ತೆಗೆದರು. ಒಂದು ಕಿರಾಣಿ ಅಂಗಡಿಯವರು ಅರ್ಧ ಬಾಗಿಲು ಹಾಕಿದರು.

ಸಂಜೆ ಬಯಲು ತುಂಬಿತು. ಗಂಡಸರು ಒಂದು ಕಡೆ, ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಇನ್ನೊಂದು ಕಡೆ. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಲಕ್ಕವ್ವ ಎಂಬ ಹಿರಿಯ ಹೆಣ್ಣುಮಗಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

“ಸ್ವಾತಂತ್ರ್ಯಪ್ಪ ಅಂದ್ರ ಯಾರೋ ಯಪ್ಪಾ? ಆ ಬಿಳೇ ಟೊಪಿಗಿ ಹಾಕ್ಕೊಂಡ ಸಾಲಿಗೆ ಬರತಿದ್ರಲ್ಲ, ಆ ಮಾಸ್ತರ್ರಾ?”

“ಅಲ್ಲವ್ವಾ, ಇದು ಸಿನಿಮಾ.”

“ಅಯ್ಯ ಪಾಪ, ಸಿನಿಮಾದಾಗ ಇದ್ರಾ? ನಮಗ ಗೊತ್ತ ಇರಲಿಲ್ಲ ನೋಡು.”

ಅವಳ ಕೈಯಲ್ಲಿ ಗಂಟಿತ್ತು. ಸುತ್ತ ನೋಡಿದರೆ ಎಲ್ಲ ಹೆಂಗಸರ ಮಡಿಲಲ್ಲೂ ಗಂಟು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ಓಣಿಯವರು ರೊಟ್ಟಿ, ಝುಣಕ, ಕೆಂಪು ಖಾರ ಕಟ್ಟಿಕೊಂಡು ಹೋಗಿ ಅಲ್ಲಿದ್ದವರಿಗೆ ಉಣ್ಣಿಸುವುದು ನಮ್ಮ ಕಡೆಯ ರಿವಾಜು. ಸ್ವಾತಂತ್ರ್ಯಪ್ಪನ ಮನೆಯವರು ಉಪವಾಸ ಇರಬಾರದೆಂದು ಅರ್ಧ ಮುದ್ದೇಬಿಹಾಳ ರೊಟ್ಟಿ ಬಡಿದು ತಂದಿತ್ತು.

ಅಂದಿನ ಸಿನಿಮಾದಲ್ಲಿ ಅಡಿಗೆ ಮಾಡುವುದೇ ಅಪರಾಧ. ದಿನಕ್ಕೊಂದು ಬೂದು ಗುಳಿಗೆ ನುಂಗಿ ಜನ ಬದುಕುತ್ತಾರೆ. ಪರದೆಯ ಮೇಲೆ ಒಬ್ಬ ತಾಯಿ ಮಗುವಿನ ಬಾಯಿಗೆ ಗುಳಿಗೆ ಇಟ್ಟದ್ದೇ ತಡ, ಲಕ್ಕವ್ವ ಎದ್ದು ನಿಂತಳು.

“ಅಯ್ಯ ಇವರ ಕೈ ಸೇದ್ಹೋಗ್ಲಿ! ಕೂಸಿಗೆ ಗುಳಿಗಿ ಕೊಡ್ತಾರ? ಬಿಚ್ರೆವಾ ಗಂಟು!”

ಗಂಟುಗಳು ಬಿಚ್ಚಿದವು. ಪರದೆಯ ಮೇಲೆ ಪೊಲೀಸರು ಅಡಿಗೆಯ ವಾಸನೆ ಹಿಡಿದು ಮನೆ ಮನೆ ಶೋಧಿಸುತ್ತಿದ್ದರೆ, ಕೆಳಗೆ ರೊಟ್ಟಿ ಮುರಿಯುವ ಸದ್ದಿಗೆ ಅವರ ಬೂಟಿನ ಸದ್ದು ಕೇಳದಾಯಿತು. ನನ್ನ ರೊಟ್ಟಿಯ ಮೇಲೆ ಯಾರೋ ಕಾಣದ ಪುಣ್ಯಾತ್ಮರು ಎರಡು ಸಲ ಝುಣಕ ಹಾಕಿದರು. ಭವಿಷ್ಯದ ಬಗ್ಗೆ ನಾನು ಅಷ್ಟು ನೆಮ್ಮದಿಯಿಂದ ಎಂದೂ ಯೋಚಿಸಿರಲಿಲ್ಲ. ಸಿದ್ದಲಿಂಗ ಮಾತ್ರ ನಗಬೇಕೋ ಅಳಬೇಕೋ ತಿಳಿಯದೆ ರೊಟ್ಟಿ ತಿಂದ. ಹೋಗುವಾಗ ಲಕ್ಕವ್ವ ಅವನ ತಲೆ ಸವರಿ, “ದುಃಖ ಮಾಡಬ್ಯಾಡ. ಮಣ್ಣ ಮಾಡೂದು ಯಾವಾಗ, ಎಲ್ಲಿ ಅನ್ನೂದು ತಿಳಸು” ಎಂದು ಹೇಳಿ ಹೋದಳು.

“ಮಂದಿ ಬಂದ್ರು. ಆದ್ರ ಅಳಾಕ ಬಂದ್ರು” ಎಂದ ಸಿದ್ದಲಿಂಗ.

“ಹಂಗಾರ ಸಿಂದಗಿಗೆ ಮದಿವಿ ದನಿ ಹಚ್ಚತೇನಿ” ಎಂದ ಇಸಾಕ.

ಹಚ್ಚಿದ. ಸಿಂದಗಿಯ ಕಲ್ಯಾಣಮಂಟಪಕ್ಕೆ ಇಳಕಲ್ ಸೀರೆಗಳು, ಅತ್ತರು, ಪೌಡರು ಬಳಿದ ಮಕ್ಕಳು ಬಂದಿಳಿದವು. ಪರದೆಯ ಮೇಲೆ ನಗುವುದಕ್ಕೆ ಸರಕಾರದ ಪರವಾನಗಿ ಬೇಕಾದ ದೇಶ. ಸಭೆಯ ಕಣ್ಣು ಮಾತ್ರ ಅಡಿಗೆಮನೆಯ ಬಾಗಿಲ ಮೇಲೆ. ಅರ್ಧ ಸಿನಿಮಾಕ್ಕೆ ಒಬ್ಬರು ಒಳಗೆ ಹೋಗಿ ನೋಡಿ ಬಂದು ಸಾರಿದರು: “ಒಲಿನ ಹಚ್ಚಿಲ್ರೆಪೋ!” ಆಮೇಲೆ ನಡೆದದ್ದನ್ನು ನಾನು ವ್ಯಾನಿನೊಳಗೆ ಕುಳಿತು ನೋಡಿದೆ. ಪರದೆಯ ಮೇಲಿನ ದೇಶದಲ್ಲಿ ಹೇಗೋ ಹಾಗೆ ಸಭೆಯಲ್ಲೂ ಒಬ್ಬರೂ ನಗುತ್ತಿರಲಿಲ್ಲ. ಒಬ್ಬರು ಮಾತ್ರ ಸಿಟ್ಟಿನಲ್ಲೂ ಧರ್ಮ ಬಿಡದೆ, ಮದುವೆಯ ಉಡುಗೊರೆಗೆಂದು ತಂದ ಆಯೇರಿಯನ್ನು ನನ್ನ ಕೈಗಿಟ್ಟು ಹೋದರು. ಗೋಡೆ ಗಡಿಯಾರ. ನಮ್ಮ ಮನೆಯ ಪಡಸಾಲೆಯಲ್ಲಿ ಈಗಲೂ ನಡೆಯುತ್ತಿದೆ, ಸ್ವಲ್ಪ ಹಿಂದೆ.

ಆ ರಾತ್ರಿ ಇಸಾಕ ನನ್ನ ವ್ಯಾನಿನ ಹಿಂದೆಯೇ ಬಾಗೇವಾಡಿಗೆ ಗಾಡಿ ಹೊಡೆದ. ಮನೆಯ ಮುಂದೆ ಇಳಿದು ಹೇಳಿದ:

“ಎರಡೂ ದನಿ ಮುಗದುವ್ರಿ ಸಂಗಣ್ಣಾರ. ಮೂರನೇದು ನನ್ನ ಹತ್ರ ಇಲ್ಲ. ಇಂಡಿದೊಂದು ಆಗ್ಲಿ, ಮರುದಿನ ಮುಂಜಾನೆ ಬಂದು ಒಯ್ಯಿ ಅಂತ ಪರಶೂಗ ಹೇಳತೇನಿ.”

ಸಿದ್ದಲಿಂಗ ತಲೆ ತಗ್ಗಿಸಿಕೊಂಡು ಮತ್ತೆ ಪೆನ್‌ಡ್ರೈವ್ ಕೊಟ್ಟ. ಇಸಾಕ ಈ ಸಲ ನನ್ನ ಕಡೆ ನೋಡಲಿಲ್ಲ. ಜೇಬಿಗೆ ಹಾಕಿಕೊಂಡ.

ಇಂಡಿಗೆ ಶಮಶಾದಬಿಯೂ ಬಂದಳು. ಉಪ್ಪಿನಕಾಯಿಗೆ ಅಲ್ಲಿಯ ನಿಂಬೆಹಣ್ಣು ತರಬೇಕು ಎಂದು ನನಗೆ ಹೇಳಿದಳು. ಮಾವನ ಹಾರ್ನುಗಳು ಕೊನೆಯ ಸಲ ಗಾಡಿಯ ಮೇಲೆ ಹೋಗುವುದನ್ನು ನೋಡಲು ಎಂದು ನನಗೆ ತಿಳಿಯಿತು. ಇಸಾಕ ಇಂಡಿಯ ಓಣಿಗಳಲ್ಲೂ ಅಗರಖೇಡದ ತನಕವೂ ಗಾಡಿ ಹೊಡೆದ. ಗಾಡಿಯಿಂದ ಆ ಹೆಣ್ಣುಮಗಳು ಉಸಿರು ತೆಗೆದುಕೊಳ್ಳದೆ ಕರೆದಳು. ಸಂಜೆ ನಿಂಬೆ ಬಾಜಾರದ ಪಕ್ಕದ ಬಯಲಿಗೆ ಜನ ಬಂದರು, ಆಧಾರ್ ಝೆರಾಕ್ಸ್ ಹಿಡಿದುಕೊಂಡು.

ಕೊನೆಯ ಸಿನಿಮಾ ಬಹಳ ಹಳೆಯದು, ಮೂಕಿ. ನಡುನಡುವೆ ಯಾವುದೋ ಪರಭಾಷೆಯ ಅಕ್ಷರಗಳು ಬಂದು ಹೋಗುತ್ತವೆ. ಅವುಗಳ ಅರ್ಥವನ್ನು ಸಿದ್ದಲಿಂಗ ಮೈಕಿನಲ್ಲಿ ಹೇಳುವುದೆಂದು ನಿಶ್ಚಯವಾಗಿತ್ತು. ಕಥೆ ಇಷ್ಟು: ನೆಲದ ಕೆಳಗಿನ ಒಂದು ಊರು. ಎಲ್ಲರೂ ಒಂದೇ ಬಟ್ಟೆ ಹಾಕಿಕೊಂಡು, ಸಾಲು ಹಿಡಿದು ಯಂತ್ರದ ಕಡೆ ಹೋಗುತ್ತಾರೆ, ಬರುತ್ತಾರೆ. ಒಂದು ದಿನ ಒಬ್ಬ ಹುಡುಗ ಮೇಲಿನಿಂದ ಬಿದ್ದ ಬಿಸಿಲಿನ ಕೋಲನ್ನು ನೋಡುತ್ತ ನಿಂತು ಸಾಲು ತಪ್ಪುತ್ತಾನೆ.

“ಯಾಂತ್ರಿಕ ನಾಗರಿಕತೆಯ ಅಸ್ಮಿತಾಶೂನ್ಯತೆಯನ್ನು ಇಲ್ಲಿ ನಾವು ಗಮನಿಸಬಹುದು” ಎಂದ ಸಿದ್ದಲಿಂಗ.

ಮುಂದಿನ ಸಾಲಿನವರು ಝೆರಾಕ್ಸ್ ಬೀಸಿಕೊಂಡು ಗಾಳಿ ತೆಗೆದುಕೊಳ್ಳತೊಡಗಿದರು. ಹಿಂದಿನವರು ಚಪ್ಪಲಿ ಹುಡುಕತೊಡಗಿದರು. ಇನ್ನಷ್ಟು ಗಟ್ಟಿಯಾಗಿ ಹೇಳಲು ಹೋದ ಸಿದ್ದಲಿಂಗನ ಗಂಟಲು ಒಡೆದು ಕೋಳಿಮರಿಯ ದನಿ ಬಂತು. ಮಂದಿ ನಕ್ಕರು, ಎದ್ದರು.

ಪರದೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡು ಕುಳಿತಿದ್ದ ಇಸಾಕನಿಗೆ ಶಮಶಾದಬಿ ಮೊಣಕೈಯಿಂದ ತಿವಿದಳು.

“ಹುಡುಗ ಗಂಟಲಾ ಹರ್ಕೊಳ್ಳಾಕತ್ತಾನ, ಏಳ್ರಿ. ತಗೋರಿ ಮೈಕಾ.”

“ಯಾವ ದನಿಲೇ ಹೇಳ್ಲೇ? ಎರಡೂ ಆಗ್ಹೋದುವು.”

“ಸಂತ್ಯಾಗ ಕೂಸು ಕಳದಾಗ ಹೇಳ್ತಿದ್ರಲ್ಲ, ಹಂಗ.”

“ಅದು ದನಿ ಅಲ್ಲಂತ ಎಷ್ಟ ಸರತಿ—”

“ಅಲ್ಲಿ ನೋಡ್ರಿ ಮೊದಲ! ಪರದೆದಾಗ ಏನಾಗೈತಿ?”

ಪರದೆಯಲ್ಲಿ ಆ ಹುಡುಗ ಸಾಲು ಹುಡುಕುತ್ತ ಅಲೆಯುತ್ತಿದ್ದ. ಒಬ್ಬೊಬ್ಬರ ತೋಳು ಹಿಡಿದು ಏನೋ ಕೇಳುತ್ತಿದ್ದ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಸಾಕ ನೋಡಿದ. ಎದ್ದು ಹೋಗಿ ಸಿದ್ದಲಿಂಗನ ಕೈಯಿಂದ ಮೈಕು ತೆಗೆದುಕೊಂಡ. ಆಮೇಲೆ, ಗೋಡೆಯ ಆಚೆಯ ಪರಿಚಯದವರಿಗೆ ಹೇಳುವ ಹಾಗೆ, ಮೆಲ್ಲಗೆ:

“ಒಂದು ಹುಡುಗ ತಪ್ಪಿಸ್ಕೊಂಡಾನ್ರೆಪಾ. ಬೂದಿ ಬಣ್ಣದ್ದ ಅಂಗಿ ಐತಿ. ಎದಿಮ್ಯಾಲ ನಂಬರ ಹಚ್ಚ್ಯಾರ, ಹೆಸರ ಹಚ್ಚಿಲ್ಲ. ಮುಂಜಾನಿಂದ ಏನೂ ತಿಂದಿಲ್ಲ, ಮಾರಿ ನೋಡಿದ್ರ ತಿಳೀತೈತಿ. ಯಾರದೈತಿ ಹೇಳ್ರಿ.”

ಚಪ್ಪಲಿ ಹಾಕಿಕೊಂಡವರು ಹಾಗೆಯೇ ನಿಂತರು. ಅಗರಖೇಡದಿಂದ ಬಂದಿದ್ದ ಶೇವಂತೆವ್ವ ಎಂಬ ದಪ್ಪ ಹೆಣ್ಣುಮಗಳು ನಡುವಿನಿಂದ ಕೂಗಿದಳು:

“ನಮ್ದ ಐತಿ ತಗೋ! ಈ ಕಡೆ ಕಳಸು!”

“ಹೆಸರೇನವ್ವಾ ನಿನ್ನ ಮಗಂದು?” ಎಂದ ಇಸಾಕ.

“ಸಿದ್ರಾಮ!” ಎಂದಳು ಶೇವಂತೆವ್ವ. “ಅಫ್ತಾಬ!” ಎಂದು ಆ ಕಡೆಯಿಂದ ಇನ್ನೊಂದು ಕೂಗು. ಸ್ವಲ್ಪ ಹೊತ್ತು ಹುಡುಗ ಯಾರವನೆಂದು ಎರಡೂ ಕಡೆಯವರು ಕಾದಾಡಿದರು. ಇಸಾಕ ಪಂಚಾಯತಿ ಮಾಡಿ ‘ಅಫ್ತಾಬಣ್ಣ’ ಎಂದು ಹೆಸರಿಟ್ಟ. ಚಪ್ಪಾಳೆ ಬಿತ್ತು.

ಅಲ್ಲಿಂದ ಮುಂದೆ ಸಿದ್ದಲಿಂಗ ಇಸಾಕನ ಕಿವಿಯಲ್ಲಿ ಒಂದು ಮಾತು ಉಸುರಿದರೆ ಮೈಕಿನಲ್ಲಿ ಅದು ಹತ್ತಾಗಿ ಬರುತ್ತಿತ್ತು. ಯಂತ್ರದ ಒಡೆಯ ಬಂದಾಗ, “ಈ ಸಾವಕಾರ ತನ್ನ ಕೈಲೆ ಒಂದು ತಂಬಿಗಿ ನೀರ ತಗೊಂಡವ ಅಲ್ಲ” ಎಂದ. ಯಂತ್ರದಿಂದ ಮಾಡಿದ ಹೆಣ್ಣು ಬಂದಾಗ, “ಇಕಿ ನೋಡ್ರಿ ಇಕಿ! ಉಸಿರ ತಗೊಳ್ಳಂಗಿಲ್ಲ, ಕೆಮ್ಮಂಗಿಲ್ಲ. ಇಕಿ ನನಗ ಬೇಷ ಗೊತ್ತದಾಳ” ಎಂದ. ಅಫ್ತಾಬಣ್ಣನನ್ನು ಪಹರೆಯವರು ಬೆನ್ನಟ್ಟಿದಾಗ, “ಎಡಕ್ಕ ಓಡೋ, ಎಡಕ್ಕ!” ಎಂದು ಇಡೀ ಇಂಡಿ ಎದ್ದು ನಿಂತಿತು. ಅವನು ಬಲಕ್ಕೆ ಓಡಿ ಸಿಕ್ಕಿಬಿದ್ದ. ಹೇಳಿದ ಮಾತು ಕೇಳದ ಮಗ ಎಂದು ಶೇವಂತೆವ್ವ ಹಣೆ ಬಡಿದುಕೊಂಡಳು.

ಹುಡುಗನನ್ನು ಮತ್ತೆ ಸಾಲಿಗೆ ಸೇರಿಸುವುದೇ ಆ ಸಿನಿಮಾದ ಕೊನೆ. ಸಾಲು ಮುಂದೆ ಸಾಗುತ್ತದೆ. ಅವನು ಯಾರೆಂದು ಗೊತ್ತಾಗದಂತೆ ಬೆನ್ನುಗಳ ನಡುವೆ ಕರಗುತ್ತಾನೆ. ಕೊನೆಯ ಅಕ್ಷರಗಳು ಬಂದವು. ಸಿದ್ದಲಿಂಗ ಉಸುರಿದ. ಇಸಾಕ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ, ಮತ್ತೆ ಕೇಳಿದ. ಸಿದ್ದಲಿಂಗ ಅದನ್ನೇ ಹೇಳಿದ. ಆಗ ಇಸಾಕ ಸಭೆಯ ಕಡೆ ತಿರುಗಿದ.

“ಇಲ್ಲಿ ಏನ ಬರದೈತಂದ್ರ, ಆ ಹುಡುಗನ್ನ ಮುಂದ ಯಾರೂ ನೆನಪ ಇಡಲಿಲ್ಲಂತ. ಖರೇ ಏನ್ರಿ?”

“ಸುಳ್ಳ!” ಎಂದಿತು ಬಯಲು.

“ಹೆಸರೇನ ಅವಂದು?”

“ಅಫ್ತಾಬಣ್ಣ!”

“ಗಟ್ಟ್ಯಾಗಿ ಹೇಳ್ರಿ, ಆ ಸಾವಕಾರಗ ಕೇಳ್ಲಿ.”

ಕೂಗು ಎಷ್ಟು ಜೋರಾಗಿತ್ತೆಂದರೆ ನಾನು ಹಿಡಿದಿದ್ದ ಬಿದಿರು ನಡುಗಿತು. ಬಹುಶಃ ನಾನೂ ಕೂಗುತ್ತಿದ್ದೆ. ಸಿದ್ದಲಿಂಗ ಒಡೆದ ಗಂಟಲಿನಲ್ಲೇ ಎಲ್ಲರಿಗಿಂತ ಜೋರಾಗಿ ಕೂಗಿ ಕುಣಿಯುತ್ತಿದ್ದ. ಸಿನಿಮಾದ ದುರಂತಕ್ಕೆ ಹೀಗಾದದ್ದು ಅವನ ಪ್ರೊಫೆಸರರಿಗೆ ಗೊತ್ತಾಗದಿರಲಿ.

ಬಿದಿರು ಬಿಚ್ಚುವಾಗ ನಿಂಬೆ ಬಾಜಾರದ ದಲಾಲಿಯೊಬ್ಬರು ಇಸಾಕನ ಹತ್ತಿರ ಬಂದರು. ಹೊಸ ಅಂಗಡಿ ತೆರೆಯುವವರಿದ್ದರು, ಮೈಕಿನಲ್ಲಿ ಹೇಳಿಸಬೇಕಿತ್ತು. ಇಸಾಕ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ, “ಪೆನ್‌ಡ್ರೈವ್ ಎಲ್ಲೈತ್ರಿ ನಿಮ್ಮದು?” ಎಂದ.

“ಅದ್ಯಾಕ ಬೇಕು? ಬಾಯಿಲೆ ಹೇಳ್ರಿ.”

ಇಸಾಕ ಕಸುಬಿನ ಗತ್ತಿಗೆ ಮರಳಿದ. “ಯಾವ ದನಿರಿ? ಸಾವಿಂದೋ, ಮದಿವಿದೋ?”

“ಎರಡೂ ಬ್ಯಾಡ. ಈಗ ಹೇಳಿದ್ರಲ್ಲ, ಅದು.”

“ಅದು ದನಿ ಅಲ್ರಿ—” ಎನ್ನುವಷ್ಟರಲ್ಲಿ ಶಮಶಾದಬಿ ನಿಂಬೆಹಣ್ಣಿನ ಚೀಲವನ್ನು ಅವನ ಕೈಗೆ ಹೇರಿ, “ಹೂಂ ಅನ್ರಿ ಸುಮ್ಮ” ಎಂದಳು. ಇಸಾಕ ಹೂಂ ಎಂದ.

ಮರುದಿನ ಮುಂಜಾನೆ, ಮಾತಿನಂತೆ ಪರಶು ತಕ್ಕಡಿ ಹಿಡಿದು ಬಂದ. ಇಸಾಕ ಗಾಡಿಯ ತಲೆಯ ಮೇಲೆ ಹತ್ತಿ ಹುಣಸೆಹಣ್ಣು ಹಚ್ಚಿ ಹಾರ್ನು ತಿಕ್ಕುತ್ತಿದ್ದ. ಇಳಿಯಲಿಲ್ಲ. ಪರಶುವಿನ ಮುಖ ಜೋತುಬಿತ್ತು.

“ಹಂಗ ಬರಿಗೈಲೆ ಹೋಗಬ್ಯಾಡ, ತಡಿ” ಎಂದು ಒಳಗಿನಿಂದ ಬಂದ ಶಮಶಾದಬಿ, ಹಗ್ಗದ ಮೇಲಿದ್ದ ಗಂಡನ ಅಂಗಿಯ ಜೇಬಿನಿಂದ ಪೆನ್‌ಡ್ರೈವ್ ತೆಗೆದು ತಕ್ಕಡಿಗೆ ಹಾಕಿದಳು. ತಟ್ಟೆ ಅಲುಗಲೂ ಇಲ್ಲ.

ಪರಶು ಅದನ್ನು ಎತ್ತಿ ಬೆಳಕಿಗೆ ಹಿಡಿದು, ತಿರುವಿ ತಿರುವಿ ನೋಡಿದ. “ಇದರಾಗ ಏನೈತಿ ಚಾಚೀ?”

“ಒಬ್ಬಾಕಿ ಹೆಣಮಗಳ ಅದಾಳ. ಬಾಳ ಶ್ಯಾಣ್ಯಾಕಿ. ಒಯ್ಯಿ, ನಿನಗೂ ಮನ್ಯಾಗ ಮಾತಿಗೆ ಯಾರೂ ಇಲ್ಲ.”